ಅಜ್ಜಿ ಹೆಸರಿನ ವೇಪಾಯಿಂಟ್

2024ರ ಏಪ್ರಿಲ್ 8, ಸೋಮವಾರ. ಆ ದಿನ ಟೆಕ್ಸಸ್‌ನಲ್ಲಿದ್ದ ನಮ್ಮ ಕನ್ನಡ ಹುಡುಗ ಹುಡುಗಿಯರನ್ನ ಕೇಳಿದ್ರೆ ಎಲ್ಲರ ಹತ್ರಾನೂ ಒಂದೊಂದು ಕಥೆ ಇರುತ್ತೆ. ಕೆಲವರು ಪೂರ್ಣ ಸೂರ್ಯಗ್ರಹಣ ನೋಡಿದ್ರು, ಕೆಲವರು ಮೋಡ ನೋಡಿದ್ರು, ಕೆಲವರು ಟ್ರಾಫಿಕ್ ನೋಡಿದ್ರು. ನನ್ನ ಕಥೆ ಒಂದು ಫೈಲ್‌ದು. ನಕ್ಷೆಯ ಮೇಲಿನ 29 ಚುಕ್ಕೆಗಳ ಒಂದು ಪುಟ್ಟ ಫೈಲ್. ಅದರಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಇಬ್ಬರು ಗೆಳತಿಯರಿಗೆ ಗ್ರಹಣವೇ ತಪ್ಪಿಹೋಗ್ತಿತ್ತು. ಮುಂದೆ ಯಾರಾದ್ರೂ ಟ್ರಿಪ್‌ಗೆ ಹೊರಟಾಗ ಅದೇ ತಪ್ಪು ಮಾಡಬಾರದು ಅಂತ ಇದನ್ನ ಬರೀತಿದ್ದೀನಿ.

ಆದರೆ ಶುರು ಮಾಡಬೇಕಾದ್ದು ನಮ್ಮ ಅಜ್ಜಿಯಿಂದ.

ನಮ್ಮೂರು ಅಂಕೋಲಾ. ನಾನು ಡಾಲಸ್‌ಗೆ ಎಂ.ಎಸ್. ಮಾಡೋಕೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಡಿಸೆಂಬರ್ ರಜೆಯಲ್ಲಿ ಒಂದು ಭಾನುವಾರ ಮನೆಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂದು, "ಏಪ್ರಿಲ್‌ನಲ್ಲಿ ಇಲ್ಲಿ ಪೂರ್ಣ ಗ್ರಹಣ ಇದೆ" ಅಂದೆ. ಅಮ್ಮ ತಕ್ಷಣ, "ಆ ಹೊತ್ತಲ್ಲಿ ರೂಮ್‌ನಲ್ಲೇ ಇರು, ಏನೂ ತಿನ್ಬೇಡ" ಅಂದರು. ಹಿಂದಿನಿಂದ ಅಜ್ಜಿ ದನಿ ಕೇಳಿಸ್ತು: "ಫೋನ್ ಇತ್ತ ಕೊಡು."

ಅಜ್ಜಿ ಹೇಳಿದ್ದು ಇಷ್ಟು. 1980ರ ಫೆಬ್ರವರಿ 16, ಶನಿವಾರ. ಆ ದಿನದ ಪೂರ್ಣ ಸೂರ್ಯಗ್ರಹಣದ ನೆರಳು ಅರಬ್ಬೀ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ನಮ್ಮ ಕಾರವಾರ, ಅಂಕೋಲಾ ಕರಾವಳಿಯಲ್ಲೇ. ಅಲ್ಲಿಂದ ಹುಬ್ಬಳ್ಳಿ, ರಾಯಚೂರು ಕಡೆ ಹಾದು ಪುರಿಯ ತನಕ ಹೋಯ್ತು. ಅಜ್ಜಿಗೆ ಆಗ 22 ವರ್ಷ. ಹೊಟ್ಟೆಯಲ್ಲಿ ನಮ್ಮಮ್ಮ. ಬಸುರಿ ಹೆಂಗಸು ಗ್ರಹಣದ ನೆರಳಿಗೆ ಬೀಳಬಾರದು ಅಂತ ಊಟ ಆದಕೂಡಲೇ ನಡುಮನೆಯಲ್ಲಿ ಮಲಗಿಸಿ, ಕಿಟಕಿಗೆ ಚಾದರ ಕಟ್ಟಿ, ಬಾಗಿಲು ಹಾಕಿದ್ರಂತೆ. ಮಧ್ಯಾಹ್ನ ಮೂರೂವರೆ ದಾಟಿದ ಹೊತ್ತಿಗೆ ಚಾದರದ ಸಂದಿಯ ಬೆಳಕೂ ಹೋಯ್ತು. ಹಿತ್ತಿಲಿನ ತೆಂಗಿನ ಮರದ ಕಾಗೆಗಳು ಒಮ್ಮೆ ಜೋರಾಗಿ ಕೂಗಿ, ಆಮೇಲೆ ಒಮ್ಮೆಲೇ ಸುಮ್ಮನಾದವು. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಏನೂ ಸದ್ದಿಲ್ಲ. ಮತ್ತೆ ಕೋಳಿ ಕೂಗಿತು.

"ಅಷ್ಟೇ ತಮಾ. ನಾನು ಗ್ರಹಣ ಕೇಳಿದ್ದು, ನೋಡಿದ್ದಲ್ಲ. ಬಾಗಿಲ ಆಚೆಗೇ ಇತ್ತು. ನೀ ಮಾತ್ರ ಒಳಗೆ ಕೂತ್ಕೊಳ್ಬೇಡ."

ಆಮೇಲೆ ನಾನು ಓದಿ ತಿಳ್ಕೊಂಡೆ. ಅದೇ ದಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಇಟ್ಕೊಂಡು ಕಾಯ್ತಾ ಇದ್ರು. ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ, 1868ರ ಆಗಸ್ಟ್ 18ರ ಗ್ರಹಣಕ್ಕೆ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬಾತ ಸೂರ್ಯನ ಅಂಚಿನ ಕೆಂಪು ಜ್ವಾಲೆಗಳ ಬೆಳಕನ್ನ ರೋಹಿತದರ್ಶಕದಲ್ಲಿ ಪರೀಕ್ಷೆ ಮಾಡಿದ್ದ. ಜಗತ್ತಿನವರು ಹುಡುಕಿಕೊಂಡು ಬಂದ ನೆರಳು ನಮ್ಮ ಮನೆ ಹಿತ್ತಿಲ ಮೇಲೆ ಹಾದುಹೋದಾಗ ನಮ್ಮವರು ಬಾಗಿಲು ಹಾಕ್ಕೊಂಡಿದ್ರು. ಆಗಿನ ನಂಬಿಕೆ, ಆಗಿನ ಭಯ. ಅವರನ್ನ ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಆದರೆ ಅಜ್ಜಿ ದನಿಯಲ್ಲಿದ್ದ ಆ ಒಂದು ಬೇಜಾರು ನನ್ನ ತಲೇಲಿ ಕೂತುಬಿಡ್ತು.

ಇನ್ನು ನಮ್ಮ ಟೆಕ್ಸಸ್ ಲೆಕ್ಕ ನೋಡಿ. ನಮ್ಮ ಗೆಳೆಯರ ಗುಂಪು ಮೂರು ಊರಲ್ಲಿ ಹಂಚಿಹೋಗಿತ್ತು. ಡಾಲಸ್‌ನಲ್ಲಿ ನಾವು ನಾಲ್ಕು ಜನ, ಹ್ಯೂಸ್ಟನ್‌ನಲ್ಲಿ ನಾಲ್ಕು ಜನ, ಆಸ್ಟಿನ್‌ನಲ್ಲಿ ಮೂವರು. ಗ್ರಹಣಕ್ಕೆ ಈ ಮೂರು ಊರೂ ಒಂದೇ ಅಲ್ಲ. ಡಾಲಸ್ ಪೂರ್ತಿ ದಾರಿಯ ಒಳಗೇ ಇತ್ತು; ಸುಮಾರು 3 ನಿಮಿಷ 50 ಸೆಕೆಂಡ್ ಕತ್ತಲು. ಡಾಲಸ್‌ಗೆ ಇದಕ್ಕೆ ಮುಂಚೆ ಪೂರ್ಣ ಗ್ರಹಣ ಬಂದಿದ್ದು 1878ರಲ್ಲಿ. ಹ್ಯೂಸ್ಟನ್ ದಾರಿಯಿಂದ ಹೊರಗೆ. ಅಲ್ಲಿ ಸುಮಾರು 94 ಶೇಕಡಾ ಅಷ್ಟೇ. ಆಸ್ಟಿನ್‌ದು ಎಡವಟ್ಟು ಕೇಸು. ನೆರಳಿನ ಆಗ್ನೇಯ ಅಂಚು ಊರಿನ ಮೂಲಕವೇ ಹಾದುಹೋಗ್ತಿತ್ತು. ಡೌನ್‌ಟೌನ್‌ನಲ್ಲಿ ಎರಡು ನಿಮಿಷಕ್ಕಿಂತ ಕಡಿಮೆ, ಉತ್ತರಕ್ಕೆ ಹೋದಷ್ಟೂ ಜಾಸ್ತಿ, ಪೂರ್ವಕ್ಕೆ ಸ್ವಲ್ಪ ಸರಿದ್ರೂ ಸೊನ್ನೆ.

94 ಏನು, 99 ಶೇಕಡಾ ಆದ್ರೂ ಅದು ಪೂರ್ಣ ಗ್ರಹಣ ಅಲ್ಲ. ಉಳಿದ ಆ ಒಂದು ಪಾಲು ಸೂರ್ಯನೇ ಆಕಾಶ ಬೆಳಗೋಕೆ ಸಾಕು. ಕರೋನಾ ಕಾಣಲ್ಲ, ನಕ್ಷತ್ರ ಕಾಣಲ್ಲ, ಕತ್ತಲಾಗಲ್ಲ. ಬಾಗಿಲ ಒಳಗೆ, ಬಾಗಿಲ ಆಚೆ ಅನ್ನೋ ಹಾಗೆ. ಮಧ್ಯ ಅನ್ನೋದು ಇಲ್ಲ.

ಹಾಗಾಗಿ ಡಾಲಸ್‌ನಿಂದ ದಕ್ಷಿಣಕ್ಕೆ, ಐ-45 ಹೈವೇ ಮೇಲಿರೋ ಎನಿಸ್ ಅನ್ನೋ ಊರಲ್ಲಿ ಸೇರೋಣ ಅಂತ ನಿರ್ಧಾರ ಆಯ್ತು. ಏಪ್ರಿಲ್‌ನಲ್ಲಿ ಬ್ಲೂಬಾನೆಟ್ ಹೂವು ನೋಡೋಕೆ ಜನ ಹೋಗ್ತಾರಲ್ಲ, ಅದೇ ಎನಿಸ್. ನೆರಳಿನ ನಡುಗೆರೆ ಅದರ ಹತ್ರಾನೇ ಹೋಗ್ತಿತ್ತು. 4 ನಿಮಿಷಕ್ಕೂ ಮೀರಿ ಕತ್ತಲು. ಹ್ಯೂಸ್ಟನ್‌ನವರಿಗೆ ಒಂದೇ ಹೈವೇಯಲ್ಲಿ ನೇರ ದಾರಿ. ಆಸ್ಟಿನ್‌ನಲ್ಲಿ ಇಬ್ಬರು ಹುಡುಗಿಯರಿಗೆ ಮಾತ್ರ ಸೋಮವಾರ ಬೆಳಿಗ್ಗೆ ಲ್ಯಾಬ್ ಇತ್ತು. ಅದು ಮುಗಿಸ್ಕೊಂಡು ಅಷ್ಟು ದೂರ ಬರೋಕಾಗಲ್ಲ. ಅವರು ಉತ್ತರಕ್ಕೆ ಅರ್ಧ ಗಂಟೆ ದೂರದ ರೌಂಡ್ ರಾಕ್‌ನಲ್ಲಿ ನೋಡೋದು ಅಂತ ಆಯ್ತು. ಅಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಸಿಗ್ತಿತ್ತು.

ಆಸ್ಟಿನ್‌ನ ನಮ್ಮ ಸೀನಿಯರ್ ಒಬ್ಬರಿಗೆ ಟ್ರೆಕ್ಕಿಂಗ್ ಹುಚ್ಚು. ಅವರ ಹತ್ರ ಒಂದು ಹಳೇ ಗಾರ್ಮಿನ್ ಇದೆ, ಕೈಯಲ್ಲಿ ಹಿಡ್ಕೊಳ್ಳೋ ಜಿಪಿಎಸ್. ಮಾರ್ಚ್‌ನಲ್ಲಿ ಎರಡು ವಾರಾಂತ್ಯ ಐ-35, ಐ-45 ಎರಡರಲ್ಲೂ ಓಡಾಡಿ, ಕಾರು ನಿಲ್ಲಿಸೋ ಜಾಗ, ಟಾಯ್ಲೆಟ್ ಇರೋ ಗ್ಯಾಸ್ ಸ್ಟೇಷನ್, ಹೈವೇ ಜಾಮ್ ಆದ್ರೆ ತಪ್ಪಿಸ್ಕೊಳ್ಳೋ ಅಡ್ಡರಸ್ತೆ, ಮೋಡ ಬಂದ್ರೆ ಓಡೋಕೆ ಬೇರೆ ಜಾಗ, ಎಲ್ಲಾ ಕಡೆ ನಿಂತು ಬಟನ್ ಒತ್ತಿ ಗುರುತು ಮಾಡಿದ್ರು. ಹೀಗೆ ಒತ್ತಿದ ಒಂದೊಂದು ಗುರುತಿಗೂ ವೇಪಾಯಿಂಟ್ ಅಂತ ಹೆಸರು. ಅಂದ್ರೆ ಇನ್ನೇನಿಲ್ಲ, ಒಂದು ಅಕ್ಷಾಂಶ, ಒಂದು ರೇಖಾಂಶ, ಒಂದು ಹೆಸರು.

"ಫೋನಲ್ಲಿ ಲೊಕೇಶನ್ ಶೇರ್ ಮಾಡಿದ್ರೆ ಆಗಲ್ವಾ?" ಅಂತ ನಾನೂ ಕೇಳಿದೆ. ಅವರು ಹೇಳಿದ್ದು ಸರಿ ಇತ್ತು: ಆ ದಿನ ಲಕ್ಷಗಟ್ಟಲೆ ಜನ ಸಣ್ಣ ಸಣ್ಣ ಊರುಗಳಿಗೆ ಬರ್ತಾರೆ, ಅಲ್ಲಿರೋ ಒಂದೆರಡು ಟವರ್ ತಾಳಲ್ಲ, ನೆಟ್‌ವರ್ಕ್ ಬಿದ್ದುಹೋಗುತ್ತೆ. ನಿಜವಾಗ್ಲೂ ಬೆಲ್ ಕೌಂಟಿ, ಟ್ರ್ಯಾವಿಸ್ ಕೌಂಟಿಯವರು ಜನಜಂಗುಳಿಗೆ ಹೆದರಿ ಮುಂಚಿತವಾಗೇ ವಿಪತ್ತು ಘೋಷಣೆ ಮಾಡಿದ್ರು. ಜಿಪಿಎಸ್ ಸಿಗ್ನಲ್ ಬರೋದು ಉಪಗ್ರಹದಿಂದ, ಅದಕ್ಕೆ ಟವರ್ ಬೇಡ. ನಕ್ಷೆ ಮತ್ತು ಗುರುತು ಮುಂಚೆನೇ ಫೋನ್ ಒಳಗಿದ್ರೆ ನೆಟ್ ಇಲ್ದೆನೂ ದಾರಿ ಸಿಗುತ್ತೆ. ಹಾಗಾಗಿ ಹನ್ನೊಂದು ಜನರ ಹನ್ನೊಂದು ಫೋನ್‌ಗೂ ಆ ಗುರುತುಗಳನ್ನ ಹಾಕಿಕೊಡೋ ಕೆಲಸ ನನಗೆ ಬಂತು. ಕಂಪ್ಯೂಟರ್ ಸೈನ್ಸ್ ಓದೋನಿಗೆ ಇದೇನು ಮಹಾ ಅಂತ ಒಪ್ಕೊಂಡೆ.

ಸೀನಿಯರ್ ಕಳಿಸಿದ್ದು ಎರಡು. ಒಂದು, ಗಾರ್ಮಿನ್‌ನಿಂದ ತೆಗೆದ ಜಿಪಿಎಕ್ಸ್ ಫೈಲ್, ಅದರಲ್ಲಿ 23 ಗುರುತು. ಇನ್ನೊಂದು, ಅವರ ನೋಟ್‌ಬುಕ್ ಹಾಳೆಯ ಫೋಟೋ. ಮಧ್ಯದಲ್ಲಿ ಬ್ಯಾಟರಿ ಹೋಗ್ತಾ ಬಂತು ಅಂತ ಕೊನೆಯ 6 ಜಾಗಗಳನ್ನ ಸ್ಕ್ರೀನ್ ನೋಡಿ ಪೆನ್ನಲ್ಲಿ ಬರ್ಕೊಂಡಿದ್ರು. ರೌಂಡ್ ರಾಕ್ ಜಾಗ ಆ ಆರರಲ್ಲಿ ಒಂದು.

ಜಿಪಿಎಕ್ಸ್ ಒಳ್ಳೇ ಸಾಧು ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆದ್ರೂ ಓದಬಹುದು, ಬರೀ ಟ್ಯಾಗ್‌ಗಳು. ಈಗ ಎಲ್ಲರೂ ಬಳಸೋ ಜಿಪಿಎಕ್ಸ್ 1.1 ಬಂದದ್ದು 2004ರಲ್ಲಿ, ಇವತ್ತಿಗೂ ಅದೇ ನಡೀತಿದೆ. ಅದರಲ್ಲಿ ಅಕ್ಷಾಂಶ, ರೇಖಾಂಶ ಎರಡಕ್ಕೂ ಬೇರೆ ಬೇರೆ ಹೆಸರಿರೋದ್ರಿಂದ ಗೊಂದಲ ಇಲ್ಲ. ಗೂಗಲ್ ಕಡೆಯ ಕೆಎಂಎಲ್ ಹಾಗಲ್ಲ. ಅದು ಮೊದಲು ಕೀಹೋಲ್ ಅನ್ನೋ ಕಂಪನಿಯದು, ಆ ಕಂಪನಿಯನ್ನ ಗೂಗಲ್ 2004ರಲ್ಲಿ ಕೊಂಡ್ಕೊಂಡಿತು. ಅದರಲ್ಲಿ ಒಂದೇ ಸಾಲಿನಲ್ಲಿ ಕಾಮಾ ಹಾಕಿ ಬರೀಬೇಕು, ಅದೂ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾವು ಶಾಲೆಯಲ್ಲಿ ಹೇಳ್ಕೊಂಡು ಬಂದದ್ದಕ್ಕೆ ಉಲ್ಟಾ. ಪರೀಕ್ಷೆಗೆ ಅಂತ ನಾನು ಅಂಕೋಲಾದ ನಮ್ಮ ಮನೆಯನ್ನ ಹಾಕಿ ನೋಡಿದೆ, ಅಭ್ಯಾಸದ ಪ್ರಕಾರ ಅಕ್ಷಾಂಶ ಮೊದಲು ಬರೆದು. ನಮ್ಮ ಮನೆ ಹೋಗಿ ನಾರ್ವೆಯ ಉತ್ತರಕ್ಕೆ, ಆರ್ಕ್ಟಿಕ್ ಸಮುದ್ರದ ನೀರಲ್ಲಿ ಬಿತ್ತು!

ಇನ್ನೊಂದು ಮೋಜು ಮೈನಸ್ ಚಿಹ್ನೆಯದು. ಭಾರತದ ರೇಖಾಂಶ ಪೂರ್ವ, ಅಮೆರಿಕದ್ದು ಪಶ್ಚಿಮ. ಪಶ್ಚಿಮಕ್ಕೆ ಮುಂದೆ ಮೈನಸ್ ಹಾಕಬೇಕು. ಊರಲ್ಲಿ ನಕ್ಷೆ ನೋಡಿ ಬೆಳೆದ ನಮಗೆ ಮೈನಸ್ ಹಾಕೋ ಅಭ್ಯಾಸವೇ ಇಲ್ಲ. ಮೈನಸ್ ಬಿಟ್ಟು ಆಸ್ಟಿನ್ ಹಾಕಿದ್ರೆ ಅದು ಪೂರ್ವ ಟಿಬೆಟ್‌ನ ಬೆಟ್ಟಗಳ ಮೇಲೆ ಹೋಗಿ ಕೂರುತ್ತೆ. ಇಂಥ ತಪ್ಪು ತಕ್ಷಣ ಗೊತ್ತಾಗುತ್ತೆ, ನಕ್ಕು ಸರಿ ಮಾಡ್ಬಹುದು. ಸಾವಿರಾರು ಮೈಲಿ ತಪ್ಪಾದ್ರೆ ಕಣ್ಣಿಗೆ ಬೀಳುತ್ತೆ. ಇಪ್ಪತ್ತು ಮೈಲಿ ತಪ್ಪು ಕಣ್ಣಿಗೆ ಬೀಳಲ್ಲ.

ಫೈಲ್ ಪರಿವರ್ತನೆಗೆ ನಾನು ಬಳಸಿದ್ದು ಜಿಪಿಎಸ್‌ಬೇಬಲ್. ರಾಬರ್ಟ್ ಲೈಪ್ ಶುರು ಮಾಡಿದ ಉಚಿತ ಸಾಫ್ಟ್‌ವೇರ್. ಒಳಗೆ ಬರೋ ಫೈಲ್ ಯಾವ ಬಗೆ, ಹೊರಗೆ ಹೋಗೋದು ಯಾವ ಬಗೆ ಅಂತ ಹೇಳಿದ್ರೆ ಸಾಕು, ಕ್ಷಣದಲ್ಲಿ ಬದಲಾಯಿಸಿಕೊಡುತ್ತೆ. ಗೂಗಲ್ ಮೈ ಮ್ಯಾಪ್ಸ್‌ಗೂ ಜಿಪಿಎಕ್ಸ್ ಹಾಕಬಹುದು, ಆದರೆ ಆ ಗುರುತುಗಳು ಫೋನ್‌ನಲ್ಲಿ ನೆಟ್ ಇಲ್ದೆ ಕಾಣಲ್ಲ. ಹಾಗಾಗಿ ಆಂಡ್ರಾಯ್ಡ್‌ನವರಿಗೆ ಓಸ್ಮ್ಯಾಂಡ್‌ಗೆ ಜಿಪಿಎಕ್ಸ್, ಐಫೋನ್‌ನವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್‌ಗೆ ಕೆಎಂಎಲ್ ಅಂತ ಎರಡು ಮಾಡಿದೆ. ಎರಡೂ ಆಪ್‌ನಲ್ಲಿ ಇಡೀ ನಕ್ಷೆ ಇಳಿಸಿ ಇಟ್ಕೊಳ್ಬಹುದು.

ತಲೆನೋವು ಹೆಸರಿನದು. ಗಾರ್ಮಿನ್ ತಾನೇ ಇಟ್ಟ ಹೆಸರು 001, 002, 003. ಟಾಯ್ಲೆಟ್ ಯಾವುದು, ಅಡ್ಡರಸ್ತೆ ಯಾವುದು ಯಾರಿಗೆ ಗೊತ್ತು? ಸೀನಿಯರ್ ಜೊತೆ ಒಂದು ರಾತ್ರಿ ಕೂತು ಒಂದೊಂದಕ್ಕೂ ಹೆಸರು ಕೇಳಿ ಎಕ್ಸೆಲ್‌ನಲ್ಲಿ ಬರೆದೆ. "017 ಯಾವುದು?" ಅಂದ್ರೆ, "ಅಲ್ಲೊಂದು ನಾಯಿ ಇತ್ತಲ್ಲೋ, ಕಾಫಿ ಚೆನ್ನಾಗಿತ್ತು" ಅಂತಾರೆ. ಹೆಸರೆಲ್ಲಾ ಕನ್ನಡದಲ್ಲೇ ಇಟ್ಟೆವು: ಕಾಫಿ ನಾಯಿ, ಉದ್ದ ಕ್ಯೂ ಬಂಕ್, ಜಾಮ್ ಆದ್ರೆ ಇಲ್ಲಿ ತಿರುಗಿ. ಎನಿಸ್‌ನ ಮುಖ್ಯ ಜಾಗಕ್ಕೆ ಏನಂತ ಇಡೋಣ ಅಂದಾಗ ನಾನು ಅಜ್ಜಿ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಜ್ಜಿ ಅಂತಾನೇ ಇಡು" ಅಂದ್ರು. ಎಕ್ಸೆಲ್‌ನಿಂದ ಸಿಎಸ್‌ವಿ ಮಾಡಿದಾಗ ಮೊದಲ ಸಲ ಕನ್ನಡವೆಲ್ಲಾ ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡ್ತು. ಸೇವ್ ಮಾಡುವಾಗ ಯುಟಿಎಫ್-8 ಅನ್ನೋ ಆಯ್ಕೆ ಒತ್ತಿದ ಮೇಲೆ ಸರಿಹೋಯ್ತು. ನಂತರ ನೋಟ್‌ಬುಕ್‌ನ 6 ಜಾಗಗಳನ್ನೂ ಟೈಪ್ ಮಾಡಿ ಸೇರಿಸಿದೆ. ಒಟ್ಟು 29. ವಾಟ್ಸಾಪ್ ಗ್ರೂಪಿಗೆ ಹಾಕಿ, ಹನ್ನೊಂದು ಥಂಬ್ಸ್‌ಅಪ್ ಎಣಿಸ್ಕೊಂಡು, ಹಾಯಾಗಿ ಮಲಗಿದೆ.

ಏಪ್ರಿಲ್ 6, ಶನಿವಾರ ಮಧ್ಯಾಹ್ನ. ಆಸ್ಟಿನ್‌ನಿಂದ ಫೋನು. ಮೈಸೂರಿನ ಹುಡುಗಿ, ಲ್ಯಾಬ್ ಇದೆ ಅಂತ ಹೇಳಿದ್ನಲ್ಲ, ಅವರಲ್ಲಿ ಒಬ್ಬಳು.

"ಲೋ, ಸುಮ್ನೆ ಒಂದ್ಸಲ ಹೋಗಿ ಜಾಗ ನೋಡ್ಕೊಂಡು ಬರೋಣ ಅಂತ ಹೊರಟ್ವಿ. ಇದ್ಯಾಕೋ 290 ಹೈವೇ ಮೇಲೆ ಕರ್ಕೊಂಡು ಹೋಗ್ತಿದೆ. ರೌಂಡ್ ರಾಕ್ ಉತ್ತರಕ್ಕಲ್ವೇನೋ? ಮೇನರ್ ದಾಟಿದ್ವಿ. ಎಲ್ಗಿನ್ ಅಂತ ಬೋರ್ಡ್ ಬರ್ತಿದೆ. ನೀನು ಹೇಳಿದ ಪಾರ್ಕಿಂಗ್ ಎಲ್ಲಿ? ಬರೀ ಹೊಲ ಇದೆ."

ಎದೆ ಧಸಕ್ ಅಂತು. ನೆರಳಿನ ನಕ್ಷೆ ತೆಗೆದು ನೋಡಿದೆ. ಅವರು ನಿಂತಿದ್ದ ಜಾಗ ಗೆರೆಯಿಂದ ಹೊರಗೆ. ಸೋಮವಾರ ಅಲ್ಲೇ ನಿಂತಿದ್ರೆ 99 ಶೇಕಡಾ ಗ್ರಹಣ, ಸೊನ್ನೆ ಸೆಕೆಂಡ್ ಕತ್ತಲು. ಲ್ಯಾಬ್ ಮುಗಿಸಿ ಓಡೋಡಿ ಬರೋರಿಗೆ ತಪ್ಪು ಗೊತ್ತಾಗಿ ವಾಪಸ್ ತಿರುಗೋಕೆ ಸಮಯವೂ ಇರ್ತಿರಲಿಲ್ಲ. ಇಬ್ಬರೂ ಆ ಸೆಮಿಸ್ಟರ್‌ನಲ್ಲೇ ಬಂದ ಹೊಸಬರು. ಇವಳು ಉತ್ತರ ಯಾವುದು ಅಂತ ಗಮನಿಸದೇ ಇದ್ದಿದ್ರೆ?

ನೋಟ್‌ಬುಕ್ ಫೋಟೋ ಮತ್ತೆ ತೆಗೆದೆ. ಸೀನಿಯರ್ ಬರೆದದ್ದು ಹೀಗಿತ್ತು: ಉತ್ತರ 30 30.612, ಪಶ್ಚಿಮ 97 40.812. ನಾನು ಟೈಪ್ ಮಾಡಿದ್ದು 30.30612, ಮೈನಸ್ 97.40812. ಮೈನಸ್ ಮರೆತಿರಲಿಲ್ಲ, ಅಂಕಿ ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ನಡುವಿನ ಆ ಖಾಲಿ ಜಾಗ.

ವಿಷಯ ಏನಂದ್ರೆ, ಗಾರ್ಮಿನ್ ಸಾಧನಗಳು ಮಾಮೂಲಾಗಿ ತೋರಿಸೋದು ಡಿಗ್ರಿ ಮತ್ತು ಮಿನಿಟು. 30° 30.612' ಅಂದ್ರೆ ಮೂವತ್ತು ಡಿಗ್ರಿ, ಅದರ ಮೇಲೆ ಮೂವತ್ತು ಚಿಲ್ಲರೆ ಮಿನಿಟು. ಒಂದು ಡಿಗ್ರಿಗೆ 60 ಮಿನಿಟು, ಗಡಿಯಾರದ ಹಾಗೇ. ಫೋನ್ ಆಪ್‌ಗಳಿಗೆ ಬೇಕಾದ್ದು ದಶಮಾಂಶ ಡಿಗ್ರಿ. ಮಿನಿಟನ್ನ 60ರಿಂದ ಭಾಗಿಸಬೇಕು. 30.612 ಭಾಗಿಸು 60, ಅಂದ್ರೆ 0.5102. ಸರಿಯಾದ ಅಕ್ಷಾಂಶ 30.5102. ಹಾಗೇ ರೇಖಾಂಶ ಮೈನಸ್ 97.6802. ಗಂಟೆ ಎರಡೂವರೆ ಅನ್ನೋದನ್ನ 2.30 ಅಂತ ಬರೀತೀವಲ್ಲ, ಅದನ್ನ ಕ್ಯಾಲ್ಕುಲೇಟರ್‌ಗೆ ಹಾಗೇ ಹಾಕಿದ್ರೆ ಏನಾಗುತ್ತೋ ಅದೇ ಇದು. ಎರಡೂವರೆ ಗಂಟೆ ಅಂದ್ರೆ 2.5, 2.30 ಅಲ್ಲ. ಈ ಒಂದು ಎಡವಟ್ಟಿಗೆ ಗುರುತು ಸುಮಾರು 35 ಕಿಲೋಮೀಟರ್ ಆಗ್ನೇಯಕ್ಕೆ ಜಾರಿತ್ತು. ರೌಂಡ್ ರಾಕ್ ಹೋಗಿ ಎಲ್ಗಿನ್ ಆಯ್ತು.

ಗಾರ್ಮಿನ್‌ನಿಂದ ಫೈಲ್ ಆಗಿ ಬಂದ 23 ಸರಿಯಾಗೇ ಇದ್ವು. ಸ್ಕ್ರೀನ್ ಮೇಲೆ ಹೇಗೇ ತೋರಿಸಲಿ, ಜಿಪಿಎಕ್ಸ್ ಒಳಗೆ ಅದು ಯಾವಾಗಲೂ ದಶಮಾಂಶದಲ್ಲೇ ಬರೆಯುತ್ತೆ. ಕೈಯಲ್ಲಿ ಬರೆದು ಕೈಯಲ್ಲಿ ಟೈಪ್ ಮಾಡಿದ ಆರೂ ತಪ್ಪಿದ್ವು. ನಾನು ಆರರಲ್ಲಿ ಒಂದನ್ನಾದ್ರೂ ನಕ್ಷೆ ಮೇಲೆ ದೊಡ್ಡದು ಮಾಡಿ ನೋಡಿದ್ರೆ ಗೊತ್ತಾಗ್ತಿತ್ತು. 29 ಚುಕ್ಕೆ ಟೆಕ್ಸಸ್ ಮೇಲೆ ಬಿದ್ದಿವೆ ಅಂತ ನೋಡಿ ಸಮಾಧಾನ ಪಟ್ಕೊಂಡಿದ್ದೆ.

ಆಮೇಲೆ ಹೊಳೆದ ಒಂದು ಉಪಾಯ ಹೇಳ್ತೀನಿ, ನೆನಪಿಟ್ಕೊಳ್ಳಿ. ಮಿನಿಟು ಎಂದೂ 60 ದಾಟಲ್ಲ. ಹಾಗಾಗಿ ಈ ತಪ್ಪು ಮಾಡಿದಾಗ ಬಿಂದುವಿನ ನಂತರದ ಮೊದಲ ಅಂಕಿ ಯಾವತ್ತೂ 0ಯಿಂದ 5ರ ಒಳಗೇ ಇರುತ್ತೆ. ನನ್ನ ಆರು ಜಾಗಗಳ ಹನ್ನೆರಡು ಸಂಖ್ಯೆಯಲ್ಲಿ ಒಂದರಲ್ಲೂ ಬಿಂದು ಆದಕೂಡಲೇ 6, 7, 8, 9 ಇರಲಿಲ್ಲ. ನಿಜವಾದ ದಶಮಾಂಶ ಆಗಿದ್ರೆ ಹನ್ನೆರಡರಲ್ಲಿ ನಾಲ್ಕೈದಾದ್ರೂ ಇರಬೇಕಿತ್ತು. ಪಟ್ಟಿಯನ್ನ ಒಮ್ಮೆ ಮೇಲಿಂದ ಕೆಳಕ್ಕೆ ಕಣ್ಣಾಡಿಸಿದ್ರೆ ಸಾಕಿತ್ತು.

ಅವಳಿಗೆ ಫೋನ್ ಮಾಡಿ ಸಾರಿ ಕೇಳಿದೆ. "ಸಾರಿ ಬೇಡ, ಸರಿ ಮಾಡಿರೋ ಫೈಲ್ ಕಳಿಸು. ಈ ಸಲ ನಾನು ಹೋಗಿ ನಿಂತು ನೋಡಿದ ಮೇಲೇನೇ ಥಂಬ್ಸ್‌ಅಪ್" ಅಂದ್ಲು. ಅವತ್ತು ಸಂಜೆನೇ ಇಬ್ಬರೂ ರೌಂಡ್ ರಾಕ್‌ಗೆ ಹೋಗಿ, ಫೋನನ್ನ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ನಕ್ಷೆಯ ಚುಕ್ಕೆ ಮೇಲೆ ನಿಂತು ಸೆಲ್ಫಿ ಕಳಿಸಿದ್ರು. ಹಳೇ ಫೈಲನ್ನ ಎಲ್ಲರ ಫೋನಿಂದಲೂ ಅಳಿಸಿಸಿದೆ. ಇದು ಮುಖ್ಯ. ಇಲ್ಲಾಂದ್ರೆ ಎರಡು ರೌಂಡ್ ರಾಕ್ ಪಕ್ಕಪಕ್ಕದಲ್ಲಿ ಕೂತು, ಯಾವುದು ಸರಿ ಅಂತ ಮತ್ತೆ ಗೊಂದಲ.

ಸೋಮವಾರ ಬಂತು. ಆಸ್ಟಿನ್ ಸೀನಿಯರ್ ಹಿಂದಿನ ದಿನವೇ ಡಾಲಸ್‌ಗೆ ಬಂದಿದ್ರು. ಹ್ಯೂಸ್ಟನ್‌ನವರು ಬೆಳಿಗ್ಗೆ ಐದಕ್ಕೇ ಹೊರಟು, "ಉದ್ದ ಕ್ಯೂ ಬಂಕ್"ನಲ್ಲಿ ನಿಜವಾಗ್ಲೂ ಉದ್ದ ಕ್ಯೂ ನಿಂತು, ಹತ್ತೂವರೆಗೆ ತಲುಪಿದ್ರು. ಕೊನೆಯ ಒಂದು ಗಂಟೆ ಅವರಿಗೆ ನೆಟ್‌ವರ್ಕ್ ಸರಿಯಾಗಿ ಸಿಕ್ಕಿರಲಿಲ್ಲ. "ಅಜ್ಜಿ ಅಂತ ಒತ್ತಿದ್ವಿ, ಅಜ್ಜಿ ಹತ್ರ ಬಂದ್ವಿ" ಅಂತ ನಗ್ತಾ ಇಳಿದ್ರು. ದಾವಣಗೆರೆಯ ಗೆಳೆಯ ಮಂಡಕ್ಕಿ ಒಗ್ಗರಣೆ ತಂದಿದ್ದ, ನಾವು ಚಿತ್ರಾನ್ನ ಮಾಡಿದ್ವಿ. ಆದರೆ ಯಾರ ಗಮನವೂ ತಿಂಡಿ ಮೇಲೆ ಇರಲಿಲ್ಲ. ಆಕಾಶದ ತುಂಬಾ ಮೋಡ. ಬಿಡುತ್ತೆ, ಮುಚ್ಚುತ್ತೆ, ಬಿಡುತ್ತೆ.

1 ಗಂಟೆ 40 ನಿಮಿಷದ ಹೊತ್ತಿಗೆ ಮೋಡ ತೆಳ್ಳಗಾಗಿತ್ತು. ಬೆಳಕು ಒಂಥರಾ ಬೂದಿ ಬಣ್ಣಕ್ಕೆ ತಿರುಗಿತು, ಚಳಿ ಆಯ್ತು, ಆಮೇಲೆ ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ ಕತ್ತಲು. ಕನ್ನಡಕ ತೆಗೆದು ಬರಿಗಣ್ಣಲ್ಲಿ ನೋಡಿದೆ. ಕಪ್ಪು ಬಿಲ್ಲೆ, ಸುತ್ತ ಬೆಳ್ಳಿ ಬಣ್ಣದ ಕರೋನಾ, ಕೆಳ ಅಂಚಿನಲ್ಲಿ ಕುಂಕುಮ ಇಟ್ಟ ಹಾಗೆ ಒಂದು ಕೆಂಪು ಚುಕ್ಕೆ. ಜಮಖಂಡಿಯಲ್ಲಿ ಹರ್ಷೆಲ್ ಪರೀಕ್ಷೆ ಮಾಡಿದ್ದು ಇಂಥದ್ದನ್ನೇ ಅಂತ ಆಮೇಲೆ ನೆನಪಾಯ್ತು. ಆ ಕ್ಷಣಕ್ಕೆ ಏನೂ ನೆನಪಾಗಲಿಲ್ಲ. ಫೋಟೋ ತೆಗೆಯೋಕೂ ಮರೆತೆ.

ಆಗ ಊರಲ್ಲಿ ಮಧ್ಯರಾತ್ರಿ 12 ಗಂಟೆ 10 ನಿಮಿಷ. ದಿನ ಬದಲಾಗಿ ಏಪ್ರಿಲ್ 9 ಆಗಿತ್ತು, ಯುಗಾದಿ. ಅಜ್ಜಿ ಎದ್ದು ಕೂತು ಕಾಯ್ತಾ ಇದ್ರು. ವಿಡಿಯೋ ಕಾಲ್ ಮಾಡ್ತೀನಿ ಅಂದಿದ್ದೆ, ನೆಟ್‌ವರ್ಕ್ ಸಿಗಲೇ ಇಲ್ಲ. ಅದು ಗೊತ್ತಿದ್ದದ್ದೇ. ಆದ್ರೂ ಬೇಜಾರಾಯ್ತು. ಕಾಲ್ ತಾಗಿದ್ದು ಎರಡು ಗಂಟೆ ಆದ್ಮೇಲೆ, ಕಾರು ಡಾಲಸ್ ಹತ್ರ ಬಂದಾಗ. ಅಲ್ಲಿ ರಾತ್ರಿ ಎರಡಾಗಿತ್ತು. ಒಂದೇ ರಿಂಗ್‌ಗೆ ಎತ್ತಿದ್ರು.

"ಕಂಡಿತೇನೋ ತಮಾ?"

"ಕಂಡಿತು ಅಜ್ಜಿ. ನಾಲ್ಕು ನಿಮಿಷ."

ಅವರು ಬಣ್ಣ ಕೇಳಲಿಲ್ಲ, ಆಕಾರ ಕೇಳಲಿಲ್ಲ. "ಕಾಗೆ ಸುಮ್ಮನಾದ್ವಾ?" ಅಂತ ಕೇಳಿದ್ರು.

ಎನಿಸ್‌ನಲ್ಲಿ ನಮ್ಮ ಕಾಗೆ ಇಲ್ಲ. ಗ್ರಾಕಲ್ ಅಂತ ಕಪ್ಪು ಹಕ್ಕಿ, ಟೆಕ್ಸಸ್‌ನ ಎಲ್ಲಾ ಪಾರ್ಕಿಂಗ್ ಲಾಟ್‌ಗಳಲ್ಲೂ ಕಿರುಚ್ತಾ ಇರುತ್ವಲ್ಲ, ಅವು. ಯೋಚಿಸಿ ನೋಡಿದೆ. ಹೌದು, ಕತ್ತಲಾಗೋ ಮುಂಚೆ ಬೇಲಿ ಮರದಲ್ಲಿ ದೊಡ್ಡ ಗಲಾಟೆ ಇತ್ತು. ಆಮೇಲೆ ಇರಲಿಲ್ಲ. ಕಣ್ಣು ಮೇಲಿದ್ದದ್ದಕ್ಕೆ ನಾನು ಕಿವಿ ಕೊಟ್ಟಿರಲಿಲ್ಲ.

"ಸುಮ್ಮನಾದ್ವು ಅಜ್ಜಿ."

"ಹಾಂ. ಹಂಗೇ ಆಗೂದು," ಅಂದ್ರು. ಸ್ವಲ್ಪ ತಡೆದು, "ಯುಗಾದಿ. ಬೇವು ಬೆಲ್ಲ ತಿನ್ನು" ಅಂತ ಫೋನ್ ಇಟ್ರು.

ರೌಂಡ್ ರಾಕ್ ಹುಡುಗಿಯರಿಗೆ ಮೋಡ ಜಾಸ್ತಿ ಇತ್ತಂತೆ. ಮೋಡದ ಸಂದಿಯಲ್ಲಿ ಅರ್ಧ ನಿಮಿಷ ಮಾತ್ರ ಕರೋನಾ ಕಂಡಿತಂತೆ. ಆದರೆ ಕತ್ತಲು ಪೂರ್ತಿ ಸಿಕ್ತು. ದೀಪದ ಕಂಬಗಳೆಲ್ಲಾ ಹತ್ಕೊಂಡ್ವಂತೆ. "ಆ ಎಲ್ಗಿನ್ ಹೊಲದಲ್ಲಿ ನಿಂತಿದ್ರೆ ಮೋಡಾನೂ ಇರ್ತಿತ್ತು, ಬೆಳಕೂ ಇರ್ತಿತ್ತು" ಅಂತ ಈಗಲೂ ನನ್ನ ಕಾಲೆಳೀತಾಳೆ. ಎಳೀಲಿ, ತಪ್ಪು ನಂದೇ.

ಆ ದಿನದ ಫೈಲ್ ಇನ್ನೂ ನನ್ನ ಫೋನಲ್ಲಿದೆ. ಅದಕ್ಕೆ ಆಮೇಲೆ ಒಂದೇ ಒಂದು ಗುರುತು ಸೇರಿಸಿದೆ, 30ನೆಯದು: ಅಂಕೋಲಾದ ನಮ್ಮ ಮನೆಯ ಹಿತ್ತಿಲು, ತೆಂಗಿನ ಮರದ ಬುಡ. ಹೆಸರು "1980". ಪೂರ್ವ ರೇಖಾಂಶ, ಮೈನಸ್ ಬೇಡ. ಅಮ್ಮನ ಫೋನಿಗೂ ಹಾಕಿಕೊಟ್ಟೆ. ಅಜ್ಜಿ ಅದನ್ನ ಒತ್ತಿ ನೋಡಿ, "ಇದು ನಮ್ಮ ಬಾವಿಕಟ್ಟೆ, ಮರ ಇನ್ನೂ ಆಚೆಗೆ" ಅಂದ್ರಂತೆ. ಹಾಗಾಗಿ ಅದನ್ನೂ ಸರಿ ಮಾಡಿದೆ.

ಮುಂದಿನ ಸಾಲಿನವರಿಗೆ ಉಪಯೋಗ ಆಗಲಿ ಅಂತ ನಾನು ಈಗ ಪಾಲಿಸೋ ನಿಯಮಗಳನ್ನ ಇಲ್ಲೇ ಹೇಳಿಬಿಡ್ತೀನಿ. ಸಾಧ್ಯ ಆದಷ್ಟೂ ಫೈಲ್ ಇಂದ ಫೈಲ್‌ಗೇ ಬದಲಾಯಿಸಿ, ಕೈಯಲ್ಲಿ ಟೈಪ್ ಮಾಡ್ಬೇಡಿ. ಟೈಪ್ ಮಾಡಲೇಬೇಕಾದ್ರೆ ಡಿಗ್ರಿ, ಮಿನಿಟು ಚಿಹ್ನೆಗಳನ್ನ ಬಿಡದೆ ಬರೀರಿ, ಮಿನಿಟನ್ನ 60ರಿಂದ ಭಾಗಿಸಿ. ಅಮೆರಿಕದ ರೇಖಾಂಶಕ್ಕೆ ಮೈನಸ್. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು. ಕನ್ನಡ ಹೆಸರಿಗೆ ಯುಟಿಎಫ್-8. ನೆಟ್ ಆಫ್ ಮಾಡಿ ತೆರೆಯುತ್ತಾ ನೋಡಿ. ಕೊನೆಯದಾಗಿ, ಒಂದು ಗುರುತಿನ ಹತ್ರ ಆದ್ರೂ ಯಾರಾದ್ರೂ ನಿಜವಾಗಿ ಹೋಗಿ ನಿಂತು ನೋಡಲಿ. ಬಿಗ್ ಬೆಂಡ್‌ಗೋ ಎನ್‌ಚಾಂಟೆಡ್ ರಾಕ್‌ಗೋ ಹೋಗುವಾಗ, ಸಿಗ್ನಲ್ ಸಿಗದ ಕಡೆ ಇದು ನಿಮ್ಮ ಜೀವವನ್ನೂ ಉಳಿಸಬಹುದು.

ಯುರೋಪಿನಲ್ಲಿ ಓದ್ತಿರೋ ಗೆಳೆಯರೇ, 2026ರ ಆಗಸ್ಟ್ 12ಕ್ಕೆ ಐಸ್‌ಲ್ಯಾಂಡ್, ಸ್ಪೇನ್ ಮೇಲೆ ಪೂರ್ಣ ಗ್ರಹಣ ಇದೆ. 2027ರ ಆಗಸ್ಟ್ 2ಕ್ಕೆ ದಕ್ಷಿಣ ಸ್ಪೇನ್, ಉತ್ತರ ಆಫ್ರಿಕಾ ಮೇಲೆ. 2034ರ ಮಾರ್ಚ್ 20ಕ್ಕೆ ನಮ್ಮ ಲಡಾಖ್‌ಗೂ ನೆರಳು ಬರುತ್ತೆ. ಆಗ ಅಜ್ಜಿಗೆ 76. ಕರ್ಕೊಂಡು ಹೋಗೋ ಆಸೆ ನನಗಿದೆ. ಗುರುತು ಈಗಲೇ ಹಾಕಿಡ್ತೀನಿ, ಮಿನಿಟನ್ನ 60ರಿಂದ ಭಾಗಿಸಿ.